ಕೊನೆಯ ಸುತ್ತಿನ ತೀರ್ಪು

ನಮ್ಮ ಮನೆಯ ಟಿ.ವಿ.ಯಲ್ಲಿ ಕಾರುಗಳು ಓಡಲು ಶುರುವಾದದ್ದು ಮೊಮ್ಮಗನಿಂದ. ಅದುವರೆಗೆ ನನಗೆ ಗೊತ್ತಿದ್ದ ರೇಸು ಎಂದರೆ ಎರಡೇ. ಒಂದು ಕುದುರೆ ರೇಸು, ಇನ್ನೊಂದು ಬೆಳಗಿನ ಎಂಟೂಕಾಲರ ಬಸ್ಸಿಗೆ ಕ್ಯಾರಿಯರ್ ಹಿಡಿದು ನಾನು ಓಡುತ್ತಿದ್ದ ರೇಸು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಎರಡನೆಯ ರೇಸಿನಲ್ಲಿ ಸೋತದ್ದೇ ಹೆಚ್ಚು.

2021ರ ಡಿಸೆಂಬರ್ 12, ಭಾನುವಾರ ಸಂಜೆ. ರಿಮೋಟು ಮೊಮ್ಮಗನ ಕೈಯಲ್ಲಿತ್ತು. ಆಗ ಅವನು ಐದನೇ ಕ್ಲಾಸು. “ತಾತ, ಇವತ್ತು ಕೊನೇ ರೇಸು, ಕೂತ್ಕೋ” ಎಂದ. ವಾರ್ತೆ ನೋಡುವ ಆಸೆ ಬಿಟ್ಟು ಕೂತೆ. ಅಬುಧಾಬಿಯ ಯಾಸ್ ಮರೀನಾ ಎಂಬ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ವರ್ಷದ ಕೊನೆಯ ಸ್ಪರ್ಧೆ. ಲೂಯಿಸ್ ಹ್ಯಾಮಿಲ್ಟನ್, ಮ್ಯಾಕ್ಸ್ ವರ್ಸ್ಟಾಪನ್ ಇಬ್ಬರ ಖಾತೆಯಲ್ಲೂ ಅಷ್ಟೂ ರೇಸುಗಳ ನಂತರ ಸರಿಯಾಗಿ 369.5 ಅಂಕ. ಆ ಅರ್ಧ ಅಂಕ ನೋಡಿದ್ದೇ ನನಗೆ ಕುತೂಹಲ ಹುಟ್ಟಿತು. ಕೇಳಿದರೆ, ಬೆಲ್ಜಿಯಂನಲ್ಲಿ ಮಳೆ ಬಂದು ರೇಸು ಸರಿಯಾಗಿ ನಡೆಯಲೇ ಇಲ್ಲವಂತೆ, ಅದಕ್ಕೆ ಎಲ್ಲರಿಗೂ ಅರ್ಧ ಅಂಕ ಕೊಟ್ಟರಂತೆ. ಲೆಡ್ಜರಿನಲ್ಲಿ ಐವತ್ತು ಪೈಸೆ ಕೂಡ ಬಿಡದೆ ಎಳೆದುಕೊಂಡು ಬಂದವನಿಗೆ ಇದು ಇಷ್ಟವಾಯಿತು. ಈಗ ಯಾರು ಮುಂದೆ ಬರುತ್ತಾರೋ ಅವರೇ ವಿಶ್ವ ಚಾಂಪಿಯನ್. ಹ್ಯಾಮಿಲ್ಟನ್ ಗೆದ್ದರೆ ಎಂಟನೆಯ ಸಲ. ಅದುವರೆಗೆ ಯಾರೂ ಎಂಟು ಸಲ ಗೆದ್ದಿರಲಿಲ್ಲ. ವರ್ಸ್ಟಾಪನ್‌ಗಾದರೆ ಅದು ಮೊದಲನೆಯದು.

ಒಟ್ಟು 58 ಸುತ್ತು. ಹ್ಯಾಮಿಲ್ಟನ್ ಹತ್ತು ಸೆಕೆಂಡಿಗೂ ಹೆಚ್ಚು ಮುಂದಿದ್ದ. ಐದು ಸುತ್ತು ಬಾಕಿ ಇದೆ ಎನ್ನುವಾಗ ಲತೀಫಿ ಎಂಬ ಕೆನಡಾದ ಹುಡುಗನ ಕಾರು ಗೋಡೆಗೆ ಬಡಿಯಿತು. ಆಗ ಟ್ರ್ಯಾಕಿಗೆ ಸೇಫ್ಟಿ ಕಾರು ಬಂತು.

ಸೇಫ್ಟಿ ಕಾರು ಎಂದರೆ ಏನೆಂದು ನನಗೂ ಅವತ್ತೇ ತಿಳಿದದ್ದು. ಶಾಲೆಯಿಂದ ಪಿಕ್ನಿಕ್ಕಿಗೆ ಹೋದಾಗ ರಸ್ತೆ ದಾಟುವ ಜಾಗದಲ್ಲಿ ಮೇಷ್ಟರು ಮುಂದೆ ನಿಂತು ಮಕ್ಕಳನ್ನೆಲ್ಲ ಸಾಲಾಗಿ ನಡೆಸುತ್ತಾರಲ್ಲ, ಹಾಗೆ. ಮೇಷ್ಟರನ್ನೂ ದಾಟುವಂತಿಲ್ಲ, ಮುಂದಿನವನನ್ನೂ ದಾಟುವಂತಿಲ್ಲ. ಕಷ್ಟಪಟ್ಟು ಗಳಿಸಿದ್ದ ಅಂತರವೆಲ್ಲ ಇದರಿಂದ ಕರಗಿಹೋಗುತ್ತದೆ. ವರ್ಸ್ಟಾಪನ್ ಈ ಸಮಯದಲ್ಲಿ ಹೋಗಿ ಹೊಸ ಮೆತ್ತನೆಯ ಟೈರು ಹಾಕಿಸಿಕೊಂಡು ಬಂದ. ಹ್ಯಾಮಿಲ್ಟನ್ ಹೋಗಿದ್ದರೆ ಮೊದಲ ಸ್ಥಾನ ಬಿಟ್ಟುಕೊಡಬೇಕಿತ್ತು, ಅದಕ್ಕೆ ಸವೆದ ಟೈರಿನಲ್ಲೇ ಉಳಿದ. ಇಬ್ಬರ ನಡುವೆ ಐದು ಕಾರುಗಳಿದ್ದವು. ಅವು ಒಂದು ಸುತ್ತು ಹಿಂದೆ ಬಿದ್ದವು, ಗೆಲ್ಲುವ ಲೆಕ್ಕದಲ್ಲಿ ಇಲ್ಲದವು. ಹಾಗೆ ಹಿಂದೆ ಬಿದ್ದಿದ್ದ ಕಾರುಗಳು ಒಟ್ಟು ಎಂಟು.

ರೇಸಿನ ನಿಯಮ ಇಂತಿತ್ತು: ಸುತ್ತು ಹಿಂದಿರುವ ಕಾರುಗಳಿಗೆ ಮುಂದೆ ಹೋಗಲು ಅಪ್ಪಣೆ ಕೊಟ್ಟರೆ ಅವು ಸೇಫ್ಟಿ ಕಾರನ್ನು ದಾಟಿ, ಒಂದು ಸುತ್ತು ಹಾಕಿ, ಸಾಲಿನ ಹಿಂದಕ್ಕೆ ಸೇರಬೇಕು. ಅವುಗಳಲ್ಲಿ ಕೊನೆಯದು ಮುಂದೆ ಹೋದ ಮೇಲೆ, ಅದರ ಮುಂದಿನ ಸುತ್ತಿನ ಕೊನೆಗೆ ಸೇಫ್ಟಿ ಕಾರು ಹೊರಗೆ ಹೋಗಬೇಕು. ಹಾಗೆ ಮಾಡಿದ್ದರೆ ಸುತ್ತುಗಳೇ ಮುಗಿದು, ಮೇಷ್ಟರ ಹಿಂದೆ ಸಾಲಾಗಿಯೇ ಎಲ್ಲರೂ ಗುರಿ ಮುಟ್ಟುತ್ತಿದ್ದರು. ಹ್ಯಾಮಿಲ್ಟನ್ ಚಾಂಪಿಯನ್ ಆಗುತ್ತಿದ್ದ.

ರೇಸ್ ಡೈರೆಕ್ಟರ್ ಮೈಕೆಲ್ ಮಸಿ ಎಂಬವರು. ಅವರು ಮೊದಲು, ಯಾವ ಕಾರೂ ಮುಂದೆ ಹೋಗುವಂತಿಲ್ಲ ಎಂದು ಹೇಳಿಕಳಿಸಿದರು. ಸ್ವಲ್ಪ ಹೊತ್ತಿಗೆ ಅದನ್ನು ಬದಲಾಯಿಸಿ, ನಡುವಿನ ಆ ಐದು ಕಾರುಗಳು ಮಾತ್ರ ಹೋಗಲಿ ಎಂದರು. ಉಳಿದ ಮೂರು ಅಲ್ಲೇ ಉಳಿದವು. ಮುಂದಿನ ಸುತ್ತಿಗೂ ಕಾಯದೆ ಸೇಫ್ಟಿ ಕಾರನ್ನು ಹೊರಗೆ ಕರೆಸಿಕೊಂಡರು. ಬಾಕಿ ಉಳಿದದ್ದು ಒಂದೇ ಸುತ್ತು. ಹೊಸ ಟೈರಿನ ವರ್ಸ್ಟಾಪನ್ ಐದನೆಯ ತಿರುವಿನಲ್ಲೇ ಹ್ಯಾಮಿಲ್ಟನ್ನನ್ನು ದಾಟಿದ. ಅಷ್ಟೇ. ಒಂದು ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು.

ಮೊಮ್ಮಗ ಹ್ಯಾಮಿಲ್ಟನ್ ಕಡೆಯವನು. ಸೋಫಾದ ದಿಂಬನ್ನು ನೆಲಕ್ಕೆ ಎಸೆದ. “ಮೋಸ ತಾತ, ಮೋಸ!” ಅವನ ಅಜ್ಜಿ ಅಡುಗೆಮನೆಯಿಂದ ಬಂದು, “ಯಾರೋ ಎಲ್ಲೋ ಕಾರು ಓಡಿಸಿದ್ರೆ ನಮ್ಮ ದಿಂಬು ಏನು ಮಾಡ್ತೋ?” ಎಂದು ಎತ್ತಿಟ್ಟಳು. ರಾತ್ರಿ ಅವನು ಸರಿಯಾಗಿ ಊಟ ಮಾಡಲಿಲ್ಲ.

ನಾನು ಸಮಾಧಾನ ಹೇಳಬೇಕಿತ್ತು. ಆದರೆ ಕೂತು ಯೋಚಿಸಿದಾಗ ನನಗೂ ಅವನ ಮಾತು ಅರ್ಧ ಸರಿ ಎನ್ನಿಸಿತು. ವರ್ಸ್ಟಾಪನ್ ಮೋಸ ಮಾಡಲಿಲ್ಲ. ಬಾಗಿಲು ತೆರೆದಾಗ ನುಗ್ಗಿದ, ಅದು ಅವನ ಕೆಲಸ. ತಪ್ಪಾದದ್ದು ಕೌಂಟರಿನ ಒಳಗೆ. ಹಿಂದೆ ಬ್ಯಾಂಕಿನಲ್ಲಿ ದುಡ್ಡು ತೆಗೆಯಲು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಅಜ್ಜಂದಿರಿಗೆ ನೆನಪಿರುತ್ತದೆ. ಸಮಯ ಮುಗಿಯುತ್ತಾ ಬಂದಿದೆ, ಎಂಟು ಜನ ಟೋಕನ್ ಹಿಡಿದು ನಿಂತಿದ್ದಾರೆ ಎಂದುಕೊಳ್ಳಿ. ಕ್ಯಾಷಿಯರ್ ಎಂಟೂ ಜನರಿಗೆ ದುಡ್ಡು ಕೊಡಬಹುದು. ಅಥವಾ “ಹೊತ್ತಾಯಿತು, ಎಲ್ಲರೂ ನಾಳೆ ಬನ್ನಿ” ಎನ್ನಬಹುದು. ಮೊದಲನೆಯದಕ್ಕೆ ಜನ ಹರಸುತ್ತಾರೆ, ಎರಡನೆಯದಕ್ಕೆ ಬೈಯುತ್ತಾರೆ, ಎರಡೂ ನ್ಯಾಯವೇ. ಐದು ಟೋಕನ್ ಕೂಗಿ ಶಟರ್ ಎಳೆದರೆ ಉಳಿದ ಮೂವರಿಗೆ ಏನು ಉತ್ತರ?

ಹ್ಯಾಮಿಲ್ಟನ್ನನ ಮರ್ಸಿಡಿಸ್ ತಂಡ ಅವತ್ತೇ ಎರಡು ದೂರು ಕೊಟ್ಟಿತು. ಸ್ಟ್ಯೂವರ್ಡ್‌ಗಳೆಂದು ಕರೆಯುವ ತೀರ್ಪುಗಾರರು ಎರಡನ್ನೂ ತಳ್ಳಿಹಾಕಿದರು. ಅಲ್ಲಿ ನಡೆದ ವಾದ ನನ್ನಂಥ ಗುಮಾಸ್ತನಿಗೆ ಬಲು ರುಚಿಯಾದದ್ದು. ನಿಯಮದಲ್ಲಿ ಸುತ್ತು ಹಿಂದಿರುವ ‘ಎನಿ’ ಕಾರುಗಳು ಎಂದಿತ್ತು. ‘ಎನಿ’ ಎಂದರೆ ‘ಆಲ್’ ಎಂದು ಅರ್ಥವಲ್ಲ, ಯಾವುದಾದರೂ ಎಂದರೆ ಎಲ್ಲವೂ ಎಂದಾಗುವುದಿಲ್ಲ, ಎಂದು ವರ್ಸ್ಟಾಪನ್ನನ ರೆಡ್‌ಬುಲ್ ತಂಡ ವಾದಿಸಿತು. ಹೆಡ್ಡಾಫೀಸಿನ ಸರ್ಕ್ಯುಲರಿನಲ್ಲಿ ‘ಮೇ’ ಇದೆಯೋ ‘ಶಲ್’ ಇದೆಯೋ ಎಂದು ಕನ್ನಡಕ ಒರೆಸಿಕೊಂಡು ನೋಡಿದವನು ನಾನು. ಇಂಥ ಒಂದು ಪದದ ಮೇಲೆ ವಿಶ್ವ ಚಾಂಪಿಯನ್ ಪಟ್ಟ ನಿಂತೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮರ್ಸಿಡಿಸ್ ನಾಲ್ಕು ದಿನದ ಮೇಲೆ ಮೇಲ್ಮನವಿಯ ಯೋಚನೆ ಬಿಟ್ಟಿತು. ಫೆಬ್ರವರಿಯಲ್ಲಿ ಮಸಿಯವರನ್ನು ಆ ಜಾಗದಿಂದ ತೆಗೆದರು. ಮಾರ್ಚಿ 2022ರಲ್ಲಿ ಎಫ್‌ಐಎ ಸಂಸ್ಥೆಯ ವರದಿ ಬಂತು. ಮನುಷ್ಯನ ಕೈಯಿಂದ ತಪ್ಪಾಗಿದೆ, ಆದರೆ ಅವರು ಒಳ್ಳೆಯ ಉದ್ದೇಶದಿಂದಲೇ ನಡೆದುಕೊಂಡರು, ಫಲಿತಾಂಶ ಬದಲಾಗುವುದಿಲ್ಲ. ನಿಯಮದಲ್ಲಿ ‘ಎನಿ’ ಹೋಗಿ ‘ಆಲ್’ ಬಂತು. ಮೊಮ್ಮಗ ಕೇಳಿದ, “ತಪ್ಪು ಅಂತ ಒಪ್ಕೊಂಡ್ರಲ್ಲ, ಕಪ್ಪು ವಾಪಸ್ ಕೊಡ್ತಾರಾ?” ಇಲ್ಲ ಎಂದೆ. “ಹಾಗಾದ್ರೆ ಒಪ್ಕೊಂಡು ಏನು ಪ್ರಯೋಜನ?” ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಮಾತು ಮಕ್ಕಳಿಗೆ ಹೇಳಲೇಬೇಕು. ಆ ರೇಸಿನ ನಂತರ ಮಸಿಯವರಿಗೂ, ಪಾಪ, ಗೋಡೆಗೆ ಗುದ್ದಿದ್ದಷ್ಟೇ ತಪ್ಪಾಗಿದ್ದ ಲತೀಫಿಗೂ ಕೊಲ್ಲುತ್ತೇವೆಂಬ ಬೆದರಿಕೆಗಳು ಬಂದವು. ದಿಂಬು ಎಸೆಯುವುದು ಬೇರೆ, ಇದು ಬೇರೆ. ಸೋತ ಹ್ಯಾಮಿಲ್ಟನ್ ಮಾತ್ರ ಕಾರಿನಿಂದಿಳಿದು ಹೋಗಿ ವರ್ಸ್ಟಾಪನ್ನನನ್ನು ಅಭಿನಂದಿಸಿದ್ದ.

ಇದಾಗಿ ಒಂದು ವರ್ಷಕ್ಕೆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅವರಪ್ಪ ಕಾರ್ ರೇಸಿನ ಚರಿತ್ರೆಯ ದೊಡ್ಡ ಪುಸ್ತಕ ತಂದುಕೊಟ್ಟ. ಅದರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ಚಾಲಕನ ಕಥೆ ಸಿಕ್ಕಿತು. ಅದನ್ನು ಓದಿದ ಮೇಲೆ ಮೊಮ್ಮಗನಿಗಿಂತ ನಾನೇ ಹೆಚ್ಚು ಹೊತ್ತು ಸುಮ್ಮನೆ ಕೂತಿದ್ದೆ.

1958ರ ಆಗಸ್ಟ್. ಪೋರ್ಚುಗಲ್ಲಿನ ಪೋರ್ಟೊ ನಗರದ ಬೀದಿಗಳಲ್ಲೇ ರೇಸು. ಕಲ್ಲು ಹಾಸಿದ ರಸ್ತೆ, ನಡುವೆ ಟ್ರಾಮ್ ಹಳಿ. ಮಾಸ್ ಮೊದಲು ಬಂದ. ಮೈಕ್ ಹಾಥಾರ್ನ್ ಎರಡನೆಯವನು. ಆ ವರ್ಷದ ಚಾಂಪಿಯನ್ ಪಟ್ಟಕ್ಕೆ ಪೈಪೋಟಿ ಇದ್ದದ್ದು ಈ ಇಬ್ಬರ ನಡುವೆಯೇ. ಕೊನೆಯ ಸುತ್ತಿನಲ್ಲಿ ಹಾಥಾರ್ನನ ಕಾರು ಜಾರಿ ಎಂಜಿನ್ ನಿಂತುಹೋಯಿತು. ಅವನು ಇಳಿದು ತಳ್ಳಿ, ಇಳಿಜಾರಿನಲ್ಲಿ ಹಿಮ್ಮುಖ ದಿಕ್ಕಿಗೆ ಓಡಿಸಿ ಎಂಜಿನ್ ಚಾಲೂ ಮಾಡಿಕೊಂಡು ಬಂದ. ರೇಸು ನಡೆಯುತ್ತಿರುವ ದಾರಿಯಲ್ಲಿ ಎದುರು ದಿಕ್ಕಿಗೆ ಓಡಿಸಿದ್ದಾನೆ ಎಂದು ಅಧಿಕಾರಿಗಳು ಅವನನ್ನು ಸ್ಪರ್ಧೆಯಿಂದ ತೆಗೆದುಹಾಕಿದರು. ಎರಡನೆಯ ಸ್ಥಾನಕ್ಕೆ ಆರು, ಅತಿ ವೇಗದ ಸುತ್ತಿಗೆ ಒಂದು, ಹೀಗೆ ಏಳು ಅಂಕ ಹೋಗುವುದರಲ್ಲಿತ್ತು.

ಆಗ ಅಧಿಕಾರಿಗಳ ಮುಂದೆ ಹೋಗಿ ಅವನ ಪರ ಸಾಕ್ಷಿ ಹೇಳಿದವನು ಮಾಸ್. ನಾನು ಕಣ್ಣಾರೆ ಕಂಡಿದ್ದೇನೆ, ಅವನು ಹಿಂದಕ್ಕೆ ಓಡಿಸುವಾಗ ರೇಸಿನ ದಾರಿಯಲ್ಲಿ ಇರಲಿಲ್ಲ, ಪಕ್ಕದಲ್ಲಿದ್ದ ಎಂದ. ತೀರ್ಪು ಬದಲಾಯಿತು. ಏಳು ಅಂಕ ಹಾಥಾರ್ನನಿಗೇ ಉಳಿದವು.

ಅಕ್ಟೋಬರಿನಲ್ಲಿ ಮೊರಾಕ್ಕೊ ದೇಶದ ಕಾಸಾಬ್ಲಾಂಕಾದಲ್ಲಿ ಕೊನೆಯ ರೇಸು. ಅದನ್ನೂ ಮಾಸ್ ಗೆದ್ದ. ಆ ವರ್ಷ ಮಾಸ್ ಗೆದ್ದದ್ದು ನಾಲ್ಕು ರೇಸು, ಹಾಥಾರ್ನ್ ಗೆದ್ದದ್ದು ಒಂದೇ. ಕೊನೆಯ ಲೆಕ್ಕ: ಹಾಥಾರ್ನ್ 42, ಮಾಸ್ 41. ಒಂದು ಅಂಕದಿಂದ ಹಾಥಾರ್ನ್ ಚಾಂಪಿಯನ್. ಮಾಸ್ ಅದರ ಮೊದಲೂ ಮೂರು ವರ್ಷ ಎರಡನೆಯವನಾಗಿದ್ದ. 2020ರಲ್ಲಿ ತೀರಿಕೊಳ್ಳುವವರೆಗೂ ‘ವಿಶ್ವ ಚಾಂಪಿಯನ್’ ಎಂಬುದು ಅವನ ಹೆಸರಿನ ಮುಂದೆ ಬರಲೇ ಇಲ್ಲ.

“ಸುಮ್ನಿದ್ದಿದ್ರೆ ಸಾಕಿತ್ತಲ್ಲ ತಾತ, ಸುಳ್ಳೂ ಹೇಳ್ಬೇಕಿರ್ಲಿಲ್ಲ” ಎಂದ ಮೊಮ್ಮಗ.

ಆ ಮಾತು ನನ್ನೊಳಗೆ ಎಲ್ಲೋ ಚುಚ್ಚಿತು. ಯಾಕೆಂದರೆ ಒಮ್ಮೆ ನಾನೂ ತೀರ್ಪುಗಾರನಾಗಿದ್ದೆ. ಕಾರಿನ ರೇಸಿಗಲ್ಲ, ಸ್ಲೋ ಸೈಕಲ್ ರೇಸಿಗೆ.

1982ರ ರಾಜ್ಯೋತ್ಸವ. ಆಗ ನಾನಿದ್ದದ್ದು ತಿಪಟೂರಿನ ಕಡೆಯ ಒಂದು ಹಳ್ಳಿಯ ಶಾಖೆಯಲ್ಲಿ. ಬ್ಯಾಂಕಿನವರು ಲೆಕ್ಕದಲ್ಲಿ ಗಟ್ಟಿ ಎಂದು ಊರಿನವರು ನನ್ನ ಕೈಗೆ ಪೀಪಿ ಕೊಟ್ಟರು. ಸ್ಲೋ ಸೈಕಲ್ ಗೊತ್ತಲ್ಲ, ಎಲ್ಲರಿಗಿಂತ ಕೊನೆಗೆ ಬಂದವನೇ ಗೆದ್ದವನು. ನೆಲಕ್ಕೆ ಕಾಲು ತಾಗಿದರೆ ಔಟು, ಸುಣ್ಣದ ಗೆರೆ ದಾಟಿದರೆ ಔಟು. ಮೊದಲ ಸುತ್ತುಗಳಲ್ಲಿ ಒಬ್ಬ ಹುಡುಗನ ಕಾಲಿನ ತುದಿ ನೆಲಕ್ಕೆ ತಾಗಿತು. ಚಿಕ್ಕವನು, ಹೋಗಲಿ ಎಂದು ನೋಡಿಯೂ ನೋಡದಂತೆ ಬಿಟ್ಟೆ. ಫೈನಲ್ಲಿಗೆ ಅವನೂ ಬಂದ. ಕೊನೆಗೆ ಉಳಿದವರು ಅವನು ಮತ್ತು ಇನ್ನೊಬ್ಬ. ಅವನು ಮುಂದಿದ್ದ, ಇನ್ನೊಬ್ಬ ಒಂದು ಗಾಲಿಯಷ್ಟು ಹಿಂದೆ. ಅಂದರೆ ಗೆಲ್ಲುತ್ತಿದ್ದವನು ಇನ್ನೊಬ್ಬ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಜೀಪು ಬಂತು. ಬೇಗ ಮುಗಿಸಿ ಎಂದು ವೇದಿಕೆಯಿಂದ ಕೈಸನ್ನೆ. ಹಿಂದಿದ್ದ ಹುಡುಗನ ಕಾಲು ಒಂದು ಕ್ಷಣ, ಹೆಬ್ಬೆರಳಿನಷ್ಟು, ನೆಲಕ್ಕೆ ತಾಗಿತು. ಪೀಪಿ ಊದಿಬಿಟ್ಟೆ.

ಅವನು ಅಳಲಿಲ್ಲ. ಸೈಕಲ್ ಹಿಡಿದುಕೊಂಡು ನನ್ನ ಹತ್ತಿರ ಬಂದು, “ಅವನಿಗೆ ಬಿಟ್ರಿ, ನಂಗ್ಯಾಕೆ ಬಿಡ್ಲಿಲ್ಲ ಸಾರ್?” ಎಂದ. ಅವನೂ ನೋಡಿದ್ದ. “ತೀರ್ಪು ಕೊಟ್ಟಾಯ್ತಪ್ಪ, ಹೋಗು” ಎಂದೆ. ಬಹುಮಾನಕ್ಕೆ ಹೆಸರು ಕೂಗಿದಾಗ ಬರಲಿಲ್ಲ. ಎರಡನೆಯ ಬಹುಮಾನದ ಜಾಮಿಟ್ರಿ ಬಾಕ್ಸು ಮೇಜಿನ ಮೇಲೇ ಉಳಿಯಿತು.

ಹಾಗಾಗಿ ಮಸಿಯವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ರೇಸು ಸೇಫ್ಟಿ ಕಾರಿನ ಹಿಂದೆ ಸಪ್ಪೆಯಾಗಿ ಮುಗಿಯದಿರಲಿ ಎಂದು ತಂಡಗಳೇ ಹಿಂದೆ ಮಾತಾಡಿಕೊಂಡಿದ್ದವಂತೆ. ಎರಡೂ ತಂಡದ ಯಜಮಾನರು ರೇಡಿಯೋದಲ್ಲಿ ಅವರ ಕಿವಿಯಲ್ಲಿ ಕೂಗುತ್ತಿದ್ದರು. ನನಗೆ ಬರೀ ಒಂದು ಜೀಪು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಮನೆಯವಳಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ, ಅವಳು ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಆಮೇಲೆ?” ಎಂದ ಅವನು.

“ಮಾರನೇ ದಿನ ಬಾಕ್ಸ್ ತಗೊಂಡು ಅವನ ಮನೆ ಹುಡುಕಿಕೊಂಡು ಹೋದೆ. ತಪ್ಪು ನಂದು ಅಂತ ಹೇಳಿಬಿಡೋಣ ಅಂತ. ಅವರಮ್ಮ ಬಾಗಿಲಿಗೆ ಬಂದು, ಮಗ ಮನೇಲಿಲ್ಲ ಸ್ವಾಮಿ ಅಂದ್ರು. ಬಾಕ್ಸ್ ಅವರ ಕೈಗೆ ಕೊಟ್ಟು ಬಂದೆ.”

“ನಿಜವಾಗ್ಲೂ ಮನೇಲಿ ಇರ್ಲಿಲ್ವಾ?”

“ಸೈಕಲ್ಲು ಜಗುಲಿಗೆ ಒರಗಿಸಿತ್ತು” ಎಂದೆ.