ಬಾಡಿಗೆ ಮನೆಯ ಗೀಸರ್ ಯಾರ ಪಾಲಿಗೆ?

ಬಾಡಿಗೆ ಮನೆ ನೋಡಲು ಹೋದರೆ ನಮ್ಮವರು ಕೇಳುವ ಪ್ರಶ್ನೆಗಳು ಗೊತ್ತಿದ್ದದ್ದೇ. ಬಾವಿಯಲ್ಲಿ ಬೇಸಿಗೆಗೂ ನೀರು ಉಂಟಾ, ಮಸೀದಿ ಎಷ್ಟು ದೂರ, ಮಕ್ಕಳಿಗೆ ಮದ್ರಸ ಹತ್ತಿರವಾ. ಬಾತ್ರೂಮಿನ ಗೋಡೆಯಲ್ಲಿ ಗೀಸರ್ ಕಂಡರೆ ‘ಓ, ಇದೂ ಉಂಟು’ ಎಂದು ಖುಷಿಪಟ್ಟು ಮುಂದಿನ ಕೋಣೆಗೆ ಹೋಗುತ್ತಾರೆ. ಇದನ್ನು ಕಡೆಯದಾಗಿ ಬಿಚ್ಚಿ ತೊಳೆದದ್ದು ಯಾವಾಗ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಉಪ್ಪಳದಲ್ಲಿ ನಾವಿರುವ ಮನೆಯದು 25 ಲೀಟರಿನ, 2 ಕಿಲೋವ್ಯಾಟಿನ ಗೀಸರ್. ಉಮ್ಮನಿಗೆ ಮೊಣಕಾಲು ನೋವು. ಸುಬ್‌ಹಿಯ ವುಳೂವಿಗೆ ಬಿಸಿನೀರು ಇಲ್ಲದೆ ಆಗುವುದಿಲ್ಲ. ತರವಾಡಿನಲ್ಲಿ ಹಂಡೆ ಇತ್ತು. ಒಣಗಿದ ಮಡಲು, ತೆಂಗಿನ ಸಿಪ್ಪೆ ತುರುಕಿದರೆ ಮುಗಿಯಿತು. ಹಂಡೆ ಸೋರಿದರೆ ಕಣ್ಣಿಗೆ ಕಾಣುತ್ತಿತ್ತು. ಗೀಸರಿನ ಕಾಯಿಲೆ ಹಾಗಲ್ಲ, ಎಲ್ಲ ಒಳಗೆ.

ಮೊದಲು ಅದು ಕಾಯುವಾಗ ಗುಡುಗುಡು ಸದ್ದು ಶುರುವಾಯಿತು. ಆಮೇಲೆ ನೀರು ಉಗುರು ಬೆಚ್ಚಗಾಗುವಷ್ಟರಲ್ಲೇ ಲೈಟ್ ಆರತೊಡಗಿತು. ಒಂದು ದಿನ ಬೆಳಿಗ್ಗೆ ಉಮ್ಮ, “ಮೋನೆ, ನಲ್ಲಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ” ಎಂದರು. ಆ ಕ್ಷಣವೇ ಮೈನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಅವರು ನೀರು ಇಳಿಸಿ ಕೆಳಗಿನ ಮುಚ್ಚಳ ಬಿಚ್ಚಿದಾಗ ಹಿಡಿ ಹಿಡಿ ಬಿಳಿ ಹುಡಿ ಬಿತ್ತು. ಬೋರ್‌ವೆಲ್ ನೀರಿನ ಸುಣ್ಣ. ಕಾಯಿಸುವ ಕಾಯಿಲ್ ಮೇಲೆ ಅದು ದಪ್ಪ ಪದರವಾಗಿ ಕೂತರೆ ಶಾಖ ನೀರಿಗೆ ಹೋಗದೆ ಕಾಯಿಲ್ ತಾನೇ ಬೆಂದು ಬಿರುಕು ಬಿಡುತ್ತದೆ. ಬಿರುಕಿನಿಂದ ಕರೆಂಟು ನೀರಿಗೆ ಇಳಿಯುತ್ತದೆ. ಟ್ಯಾಂಕಿನೊಳಗೆ ಮೆಗ್ನೀಶಿಯಮ್‌ನ ಒಂದು ಸರಳೂ ಇರುತ್ತದೆ, ಆನೋಡ್ ರಾಡ್ ಅನ್ನುತ್ತಾರೆ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಈ ಸರಳು ಕರಗಿ ಹೋಗಲಿ ಎಂದೇ ಅದನ್ನು ಇಡುವುದು. ನಮ್ಮದರಲ್ಲಿ ಸರಳು ಕರಗಿ ನಡುವಿನ ತಂತಿ ಮಾತ್ರ ಉಳಿದಿತ್ತು. ಎಲ್ಲಕ್ಕಿಂತ ದೊಡ್ಡದು, ಸಾಕೆಟಿನ ಹಿಂದೆ ಅರ್ಥ್ ವಯರ್ ಯಾವುದಕ್ಕೂ ಸಿಕ್ಕಿಸದೆ ಸುಮ್ಮನೆ ಬಿದ್ದಿತ್ತು. ಹಳೆಯ ಮನೆ, ಇಎಲ್‌ಸಿಬಿಯೂ ಇಲ್ಲ.

ರಿಪೇರಿ ಕಷ್ಟವಲ್ಲ. ಖರ್ಚು ಯಾರದು ಎಂಬುದು ಕಷ್ಟ. ಮನೆ ಓನರ್ ಉಮ್ಮನ ಕಡೆಯಿಂದ ದೂರದ ಸಂಬಂಧಿ, ಗಲ್ಫ್‌ನಲ್ಲಿದ್ದಾರೆ. “ಇಷ್ಟಕ್ಕೆಲ್ಲ ಹಾಜಿಕನಿಗೆ ಫೋನ್ ಮಾಡಬೇಡ, ಏನು ಅಂದುಕೊಂಡಾರು?” ಎಂದು ಉಮ್ಮನಿಗೆ ದಾಕ್ಷಿಣ್ಯ. ಈ ದಾಕ್ಷಿಣ್ಯವೇ ನಮ್ಮ ಮನೆಗಳ ಗೀಸರನ್ನು ಹಾಳು ಮಾಡುವುದು ಎಂದು ನನ್ನ ಅಭಿಪ್ರಾಯ. ಬಳಸುವವನು ಅವನಲ್ಲವೇ ಎಂದು ಓನರ್, ವಸ್ತು ಅವರದಲ್ಲವೇ ಎಂದು ಬಾಡಿಗೆಯವ. ನಡುವೆ ಸುಣ್ಣ ಬೆಳೆಯುತ್ತದೆ.

ಮಸೀದಿಯಲ್ಲಿ ಉಸ್ತಾದರ ಹತ್ತಿರ ಕೇಳಿದೆ. ಅವರು ನಕ್ಕು, ಇದು ನಮ್ಮ ಕಿತಾಬಿನಲ್ಲೇ ಉಂಟಲ್ಲ ಎಂದರು. ಇಮಾಮ್ ನವವಿಯವರ ‘ಮಿನ್ಹಾಜ್’ನ ಬಾಡಿಗೆಯ ಅಧ್ಯಾಯದಲ್ಲಿ ಕೀಲಿಕೈ ಕೊಡುವುದು, ಮನೆಯ ದುರಸ್ತಿ, ಛಾವಣಿಯ ಹಿಮ ತೆಗೆಯುವುದು ಇವೆಲ್ಲ ಮನೆಯೊಡೆಯನ ಪಾಲಿಗೆ. ಅಂಗಳದ ಹಿಮ, ಕಸ ಗುಡಿಸುವುದು ಬಾಡಿಗೆಯವನ ಪಾಲಿಗೆ. ಒಡೆಯ ಬೇಗ ದುರಸ್ತಿ ಮಾಡದಿದ್ದರೆ ಕರಾರು ಮುರಿಯುವ ಆಯ್ಕೆ ಬಾಡಿಗೆಯವನಿಗಿದೆ. ಡಮಾಸ್ಕಸ್ ಕಡೆಯ 13ನೇ ಶತಮಾನದ ವಿದ್ವಾಂಸರು. ಅವರಿಗೆ ಹಿಮದ ಚಿಂತೆ, ಉಪ್ಪಳದ ನಮಗೆ ಸುಣ್ಣದ್ದು. “ವಯರಿಂಗ್, ಕಾಯಿಲ್ ಮನೆಯ ದುರಸ್ತಿ ಅಂತ ಇಟ್ಟುಕೋ, ಸುಣ್ಣ ತೆಗೆಯುವುದು ಅಂಗಳ ಗುಡಿಸಿದ ಹಾಗೆ. ಆದರೆ ಮೊದಲು ಇಬ್ಬರೂ ಮಾತಾಡಿಕೊಳ್ಳಿ” ಎಂದರು ಉಸ್ತಾದ್.

ಆ ರಾತ್ರಿ ಹಾಜಿಕನಿಗೆ ಫೋನ್ ಮಾಡಿದೆ. ನಾನು ಎಣಿಸಿದ ಮಾತೇ ಮೊದಲು ಬಂತು: “ಉಪಯೋಗಿಸುವುದು ನೀವಲ್ಲವಾ?” ನಾನು ವಾದಕ್ಕೆ ಹೋಗಲಿಲ್ಲ. ಅರ್ಥ್ ವಯರಿನ ಫೋಟೋ ಕಳಿಸಿ, ಉಮ್ಮನ ಕೈ ಜುಮ್ ಅಂದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ, “ನಾಳೆಯೇ ಮಾಡಿಸಿ, ಬಿಲ್ ಕಳಿಸಿ, ಇಎಲ್‌ಸಿಬಿಯೂ ಹಾಕಿಸಿ” ಎಂದರು. ಕಾಯಿಲ್, ಥರ್ಮೋಸ್ಟಾಟ್, ಅರ್ಥಿಂಗ್ ಅವರದು, ವರ್ಷಕ್ಕೊಮ್ಮೆ ತೊಳೆಸುವುದು ನಮ್ಮದು, ಸರಳಿನ ಖರ್ಚು ಅರ್ಧರ್ಧ ಎಂದು ಕರಾರು ಪತ್ರದ ಕೊನೆಗೆ ಎರಡು ಸಾಲು ಬರೆದು ಇಬ್ಬರೂ ಒಪ್ಪಿದೆವು.

ಈಗ ತಿಂಗಳಿಗೊಮ್ಮೆ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತುತ್ತೇನೆ. ತಟ್ಟನೆ ಟ್ರಿಪ್ ಆಗಬೇಕು, ಆಗದಿದ್ದರೆ ಅದು ಗೋಡೆಯ ಅಲಂಕಾರ ಅಷ್ಟೆ. ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಹೆದರಬೇಕಿಲ್ಲ. ನಮ್ಮ ಹಿಂದೆ ಇದ್ದವರು ಅಲ್ಲಿಗೆ ಎಂ-ಸೀಲ್ ಮೆತ್ತಿದ್ದರು. ಹಿಗ್ಗಿದ ನೀರು ಹೊರಬರುವ ದಾರಿ ಅದು, ಯಾರೂ ಮುಚ್ಚಬೇಡಿ. ಟ್ಯಾಂಕಿ ಖಾಲಿಯಾದ ದಿನ ಸ್ವಿಚ್ ಹಾಕಬಾರದು. ನೀರಿಲ್ಲದೆ ಕಾಯಿಲ್ ಸುಟ್ಟು ಹೋದೀತು. ಅರ್ಥ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿಗೆ ಗೀಸರ್ ಸಿಕ್ಕಿಸುವ ಮಾತೇ ಬೇಡ.

25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು ಒಂದು ಯೂನಿಟ್ ಕರೆಂಟು, ಅರ್ಧ ಗಂಟೆ ಬೇಕು. ಹಾಗಾಗಿ ಬಾಂಗಿಗೆ ಅರ್ಧ ಗಂಟೆ ಮೊದಲು ಹಾಕಿ, ಉಮ್ಮ ಬಾತ್ರೂಮಿಗೆ ಹೋಗುವ ಮೊದಲು ಆಫ್ ಮಾಡುತ್ತೇನೆ. ನಲ್ಲಿಯನ್ನು ಅವರು ಈಗಲೂ ಮೊದಲು ಬೆರಳ ತುದಿಯಿಂದ ಮುಟ್ಟಿ ನೋಡುತ್ತಾರೆ.