ಜಗಲಿ ಮೇಲಿನ ಕರೆಂಟು

ಮೊನ್ನೆ ಮಳೆಗೆ ತೀರ್ಥಹಳ್ಳಿ ಹತ್ರದ ನಮ್ಮೂರಲ್ಲಿ ಹೋದ ಕರೆಂಟು ಎರಡು ದಿನ ಬರಲೇ ಇಲ್ಲ. ಮೊದಲ ರಾತ್ರಿಯೇ ಇನ್ವರ್ಟರ್ ಕೈಕೊಟ್ಟಿತು. ಅಮ್ಮನಿಗೆ ಉಬ್ಬಸ. ನೆಬ್ಯುಲೈಸರ್ ಹತ್ತು ನಿಮಿಷ ಓಡಿದ್ರೆ ಸಾಕಿತ್ತು. ನಮ್ಮ ಸ್ಕೂಟರಿನ ಬ್ಯಾಟರಿ ಬಿಚ್ಚಿ ಒಳಗೆ ತಂದು ಚಾರ್ಜ್ ಮಾಡುವಂಥದ್ದು. ಅದೋ, ಫುಲ್ ಚಾರ್ಜ್ ಆಗಿ ಜಗಲಿ ಮೇಲೆ ಕೂತಿತ್ತು!

"ಅದ್ರಲ್ಲಿ ಕರೆಂಟಿಲ್ವೇನೋ?" ಅಂದ್ಲು ಅಮ್ಮ, ಏದುಸಿರಲ್ಲೇ.

ಇದೆ. ಆದ್ರೆ ಡಿಸಿ. ನೆಬ್ಯುಲೈಸರಿಗೆ ಬೇಕಾದ್ದು 230 ವೋಲ್ಟಿನ ಎಸಿ. ಸಾಲದ್ದಕ್ಕೆ ಒಳಗಿರೋ ಬಿಎಂಎಸ್, ತನ್ನ ಗಾಡಿ ಅಂತ ಗುರುತು ಸಿಗದೆ ಕರೆಂಟು ಬಿಡೋದೇ ಇಲ್ಲ. (ವಯರ್ ಸಿಕ್ಕಿಸೋ ಸಾಹಸ ಮಾಡ್ಬೇಡಿ, ಅಪಾಯ.) ಕೊನೆಗೆ ಬ್ಯಾಟರಿ ಗಾಡಿಗೇ ಹಾಕಿ, ಅಮ್ಮನಿಗೆ ರೇನ್‌ಕೋಟ್ ತೊಡಿಸಿ, ಸುರಿಯೋ ಮಳೇಲಿ ಪೇಟೆ ಆಸ್ಪತ್ರೆಗೆ ಹೋದೆ... ಆ ಹತ್ತು ನಿಮಿಷಕ್ಕೆ!

ಜಪಾನಿನಲ್ಲಿ ಹೋಂಡಾದವರು 'ಪವರ್ ಪಾಡ್' ಅನ್ನೋ ಪೆಟ್ಟಿಗೆ ಮಾಡಿದಾರೆ. ಗಾಡಿಯ 10 ಕೆಜಿ ಬ್ಯಾಟರಿಯನ್ನ ಅದರೊಳಗೆ ಇಳಿಸಿದ್ರೆ 1500 ವಿಎ ತನಕ ಎಸಿ ಕರೆಂಟು. ಬ್ಯಾಟರಿಯಲ್ಲಿರೋದು ಸುಮಾರು 1.3 ಯೂನಿಟ್. ಅಂದ್ರೆ 100 ವ್ಯಾಟಿನ ನೆಬ್ಯುಲೈಸರ್ ಹತ್ತು ಗಂಟೆ ಓಡೀತು.

ಗಾಡಿ ಕೊಳ್ಳೋವಾಗ ನಾನು ಕೇಳಿದ್ದು ಎಷ್ಟು ಕಿಲೋಮೀಟರ್ ಓಡತ್ತೆ ಅಂತ ಮಾತ್ರ. ಮುಂದಿನ ಸಲ ಇಂಥ ಪೆಟ್ಟಿಗೆ ಕೊಡ್ತೀರಾ ಅಂತಾನೂ ಕೇಳ್ತೀನಿ. ನೀವೂ ಕೇಳಿ, ಆಯ್ತಾ?