ವೆನಿಸ್ಸಿನಲ್ಲಿ ಎಲ್ಲಿ ಮಲಗೋಣ?

ಪರದೇಶ ತಿರುಗಿ ಬಂದವರ ಬರಹಗಳಲ್ಲಿ ಗೋಪುರ ಇರುತ್ತದೆ, ಚರ್ಚು ಇರುತ್ತದೆ, ಹಿಮ ಇರುತ್ತದೆ. ರಾತ್ರಿ ಎಲ್ಲಿ ಮಲಗಿದರು, ಆ ಜಾಗ ಅವರಿಗೆ ಹೇಗೆ ಸಿಕ್ಕಿತು ಅನ್ನೋದು ಇರೋದಿಲ್ಲ. ಅದು ಬರೆಯಬೇಕಾದ ಸಂಗತಿ ಅಂತ ಅವರಿಗೆ ಅನ್ನಿಸಿದ್ದೇ ಇಲ್ಲ. ನಮಗೆ ಅದೇ ಮೊದಲ ಸಂಗತಿ. ಹಗಲು ಹೊತ್ತು ಎಲ್ಲ ಊರೂ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಕೂಲಿಗೆ ಆಳು ಬೇಕು, ಅಂಗಡಿಗೆ ಗಿರಾಕಿ ಬೇಕು. ಹೊತ್ತು ಮುಳುಗಿದ ಮೇಲೆ ಯಾರು ಊರೊಳಗೆ, ಯಾರು ಊರಾಚೆ ಅನ್ನೋದರಲ್ಲೇ ಊರಿನ ಧರ್ಮ ಬಯಲಾಗೋದು.

ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿದ ನಮ್ಮ ಹುಡುಗರನ್ನು ಕೇಳಿ. ಖಾಲಿ ಇದೆ ಅಂತ ಬೋರ್ಡು ನೇತಾಡ್ತಿರುತ್ತೆ. ಹೆಸರು ಕೇಳ್ತಾರೆ, ಊರು ಕೇಳ್ತಾರೆ, ಊಟ ಏನು ಅಂತ ಕೇಳ್ತಾರೆ. ಆಮೇಲೆ, ಅಯ್ಯೋ ನಿನ್ನೆನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರಲ್ಲಪ್ಪ ಅಂತಾರೆ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಬಾಬಾಸಾಹೇಬರಿಗೆ 1917ರಲ್ಲಿ ಬರೋಡಾ ಸಂಸ್ಥಾನದಲ್ಲಿ ಹುದ್ದೆ ಸಿಕ್ಕಿತು, ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪು ಮೆಟ್ಟಿಲು ಹತ್ತಿ ಬಂದು ಕೋಣೆಯ ಮುಂದೆ ನಿಂತಿತು. ಪರದೇಶದಲ್ಲಿ ಕಳೆದ ವರ್ಷಗಳಲ್ಲಿ ಅವರಿಗೆ ಮರೆತೇಹೋಗಿದ್ದ ಪ್ರಶ್ನೆ ಸ್ವದೇಶದ ರೈಲಿಳಿದಾಗ ಎದ್ದು ಬಂದಿತ್ತು: ಎಲ್ಲಿ ಉಳಿಯೋದು?

ಜರ್ಮನಿಯಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ನಾವು ಮೂವರು, ಇಬ್ಬರು ಗಂಡಸರು ಒಬ್ಬಳು ಹೆಣ್ಣುಮಗಳು, ಚಳಿಗಾಲದ ರಜೆಗೆ ವೆನಿಸ್ಸಿಗೆ ಹೋಗೋಣ ಅಂದುಕೊಂಡದ್ದು ದೋಣಿ ನೋಡೋದಕ್ಕಲ್ಲ. ಬಾಬಾಸಾಹೇಬರ ಹಸ್ತಪ್ರತಿಗಳಲ್ಲಿ ಒಂದರ ಹೆಸರು 'ಅಸ್ಪೃಶ್ಯರು ಅಥವಾ ಭಾರತದ ಘೆಟ್ಟೊದ ಮಕ್ಕಳು'. ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ 1989ರಲ್ಲಿ ಅವರ ಬರಹಗಳ ಐದನೆಯ ಸಂಪುಟದಲ್ಲಿ ಅಚ್ಚಾಯಿತು. ನಮ್ಮ ಕೇರಿಗೆ ಅವರು ಕೊಟ್ಟ ಆ ಇಂಗ್ಲಿಷ್ ಹೆಸರು ಹುಟ್ಟಿದ್ದು ವೆನಿಸ್ಸಿನಲ್ಲಿ. ಅದನ್ನು ನೋಡಬೇಕಿತ್ತು.

ಮೊದಲು ಬಂದದ್ದು ಪುಕ್ಕಟೆ ಜಾಗದ ಮಾತು. ಇಟಲಿಯಲ್ಲೇ, ವೆನಿಸ್ಸಿಗೆ ರೈಲಿನಲ್ಲಿ ಒಂದು ಗಂಟೆ ದೂರದಲ್ಲಿ, ಕನ್ನಡದ ಸಂಸಾರವೊಂದು ಇದೆ, ತುಂಬ ಒಳ್ಳೆಯವರು, ಬಂದವರಿಗೆ ಬಿಸಿಬೇಳೆಬಾತ್ ಮಾಡಿ ಹಾಕುತ್ತಾರೆ ಅಂತ ಯಾರೋ ನಂಬರು ಕೊಟ್ಟರು. ಫೋನಿನಲ್ಲಿ ಆ ಕಡೆಯವರ ದನಿ ಬೆಲ್ಲದ ಹಾಗಿತ್ತು. ಯಾವ ಊರು? ಹೇಳಿದೆವು. ಊರಲ್ಲಿ ಯಾವ ಬೀದಿ? ಹೇಳಿದೆವು. ಪೂರ್ತಿ ಹೆಸರು? ಹೇಳಿದೆವು. ಎರಡು ದಿನ ಬಿಟ್ಟು ಸಂದೇಶ ಬಂತು, ಆ ವಾರ ಮನೆಗೆ ನೆಂಟರು ಬರ್ತಾರಂತೆ. ಏಳು ಸಮುದ್ರ ದಾಟಿದರೂ ನೆಂಟರು ಸರಿಯಾದ ಹೊತ್ತಿಗೇ ಬರ್ತಾರೆ ನೋಡಿ. ಅದನ್ನು ಅಲ್ಲಿಗೆ ಬಿಟ್ಟೆವು.

ಉಳಿದದ್ದು ದುಡ್ಡು ಕೊಟ್ಟು ಮಲಗುವ ಜಾಗ. ಸಾನ್ ಮಾರ್ಕೊ ಚೌಕದ ಸುತ್ತ ಒಂದು ರಾತ್ರಿಗೆ ಕೇಳುವ ಹಣದಲ್ಲಿ ನಮ್ಮ ತಿಂಗಳ ಊಟ ಆಗುತ್ತದೆ. ಅದರ ಚರ್ಚೆಯೇ ಬೇಡ. ಎದುರು ದಡದ ಜುದೆಕ್ಕ ದ್ವೀಪದಲ್ಲಿ ಹಳೇ ಕಣಜವೊಂದನ್ನು ಹಾಸ್ಟೆಲ್ ಮಾಡಿದ್ದಾರೆ. ಆದರೆ ಅಲ್ಲಿಗೆ ಹೋಗಿ ಬರೋದು ನೀರಿನ ಬಸ್ಸಿನಲ್ಲೇ. ಅದರ ಒಂದು ಟಿಕೇಟು 2024ರಲ್ಲಿ 9.50 ಯೂರೋ. ಕೊನೆಗೆ ಎರಡು ಜಾಗ ಉಳಿದವು. ಒಂದು ಘೆಟ್ಟೊದಲ್ಲೇ ಒಂದು ಕೋಣೆ. ಇನ್ನೊಂದು ಸೇತುವೆಯಾಚೆ ಮೆಸ್ತ್ರೆ.

ಇಲ್ಲಿ ನಮ್ಮೊಳಗೇ ಜಗಳ ಹತ್ತಿತು.

ಒಬ್ಬ ಅಂದ: ಘೆಟ್ಟೊದಲ್ಲೇ ಮಲಗೋಣ. ಆ ಮಾತು ಹುಟ್ಟಿದ ಜಾಗದಲ್ಲಿ ಒಂದು ರಾತ್ರಿ ಕಳೆಯದಿದ್ದರೆ ಅಲ್ಲಿಗೆ ಯಾಕೆ ಹೋಗಬೇಕು? ಹೆಣ್ಣುಮಗಳು ಅಂದಳು: ನಮ್ಮ ಕೇರಿಗೆ ಯಾವನೋ ಬಂದು, ದುಡ್ಡು ಬಿಸಾಕಿ, ಒಂದು ರಾತ್ರಿ ಮಲಗಿ, ಅಬ್ಬಾ ಎಂಥ ಅನುಭವ ಅಂತ ಎದ್ದು ಹೋದರೆ ನಿನಗೆ ಏನನ್ನಿಸುತ್ತೆ? ನಮಗೆ ಕೇರಿ ವಾಸ್ತವ್ಯಕ್ಕೆ ಬರುವ ಮಂತ್ರಿಗಳ ನೆನಪಾಯಿತು. ಹೊಸ ಮಂಚ, ಹೊಸ ಕಮೋಡು, ಹೋಟೆಲಿಂದ ಬಂದ ಇಡ್ಲಿ, ಬೆಳಗಾದರೆ ಪೇಪರಿನಲ್ಲಿ ಫೋಟೋ. ನಾವೂ ಅದೇ ಮಾಡೋದಾ? ಆದರೆ ಅವನ ಮಾತಿನಲ್ಲೂ ಹುರುಳಿತ್ತು. ನಾವು ಮಂತ್ರಿಗಳಲ್ಲ. ಒಂದು ಕೇರಿಯವರು ಇನ್ನೊಂದು ಕೇರಿಗೆ ಹೋದರೆ ಅದು ವಾಸ್ತವ್ಯ ಹೇಗಾಗುತ್ತೆ?

ಜಗಳ ಬಗೆಹರಿಯಬೇಕಾದರೆ ಆ ಊರಿನ ಚರಿತ್ರೆ ಓದಬೇಕಾಯಿತು. ಓದುತ್ತಾ ಹೋದ ಹಾಗೆ ಒಂದು ಸಂಗತಿ ನಮ್ಮನ್ನು ಹಿಡಿದು ನಿಲ್ಲಿಸಿತು. ವೆನಿಸ್ ವ್ಯಾಪಾರದ ಊರು. ಪರಕೀಯರಿಲ್ಲದೆ ಅದಕ್ಕೆ ಅನ್ನವಿಲ್ಲ. ಆದ್ದರಿಂದ ಪರಕೀಯರು ಎಲ್ಲಿ ಮಲಗಬೇಕು ಅನ್ನೋದನ್ನು ಅಲ್ಲಿ ಸರ್ಕಾರವೇ ತೀರ್ಮಾನ ಮಾಡುತ್ತಿತ್ತು. ಜರ್ಮನ್ ವರ್ತಕರು ರಿಯಾಲ್ಟೊ ಸೇತುವೆ ಪಕ್ಕದ ಒಂದೇ ಒಂದು ಕಟ್ಟಡದಲ್ಲಿ ಇಳಿಯಬೇಕು, ಬೇರೆಲ್ಲೂ ಇಳಿಯುವಂತಿಲ್ಲ, ರಾತ್ರಿ ಬಾಗಿಲಿಗೆ ಬೀಗ. ಆ ಕಟ್ಟಡ ಆಮೇಲೆ ಅಂಚೆ ಕಚೇರಿಯಾಗಿ, 2016ರಲ್ಲಿ ಸಿರಿವಂತರ ಅಂಗಡಿಯಾಯಿತು. ತುರ್ಕರಿಗೆ 1621ರಲ್ಲಿ ಬೇರೆ ಕಟ್ಟಡ, ಅದಕ್ಕೂ ಬೀಗ, ಕಾವಲು. ಯಹೂದಿಗಳಿಗೆ ಕಟ್ಟಡವೂ ಇರಲಿಲ್ಲ. 1397ರಿಂದ ಅವರಿಗಿದ್ದ ಕಟ್ಟಳೆ ಏನೆಂದರೆ, ವೆನಿಸ್ಸಿಗೆ ಬರಬಹುದು, ಒಮ್ಮೆಗೆ 15 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಸಾಲ ಕೊಡೋದಕ್ಕೆ ಬೇಕು, ನೆಲೆ ನಿಲ್ಲೋದಕ್ಕೆ ಬೇಡ. ಹಾಗಾದರೆ ಅವರು ಎಲ್ಲಿರುತ್ತಿದ್ದರು? ನೀರಿನ ಆಚೆ ದಡದ ಮೆಸ್ತ್ರೆಯಲ್ಲಿ!

1509ರ ಯುದ್ಧದಲ್ಲಿ ಶತ್ರುಸೈನ್ಯ ಮೆಸ್ತ್ರೆ ಕಡೆ ನುಗ್ಗಿದಾಗ ಅವರು ಜೀವ ಉಳಿಸಿಕೊಳ್ಳೋದಕ್ಕೆ ವೆನಿಸ್ಸಿಗೆ ಓಡಿಬಂದರು. ಊರೊಳಗೆ ಬಂದವರನ್ನು ಏನು ಮಾಡೋದು? 1516ರ ಮಾರ್ಚ್ 29ರಂದು ಸೆನೆಟ್ ತೀರ್ಮಾನ ಮಾಡಿತು. ಕನ್ನರೇಜೊ ಭಾಗದಲ್ಲಿ ಹಳೇ ಎರಕದ ಕುಲುಮೆಗಳಿದ್ದ, ಸುತ್ತ ಕಾಲುವೆ ಹರಿಯುವ ಒಂದು ನಡುಗಡ್ಡೆ. ಎರಕಕ್ಕೆ ಅವರ ಮಾತಿನಲ್ಲಿ 'ಜೆತ್ತೊ'. ಜರ್ಮನ್ ಯಹೂದಿಗಳ ನಾಲಿಗೆಯಲ್ಲಿ ಅದು 'ಘೆಟ್ಟೊ' ಆಯಿತು ಅಂತ ಹೇಳುತ್ತಾರೆ. ಅಲ್ಲಿದ್ದ ಕ್ರೈಸ್ತ ಬಾಡಿಗೆದಾರರನ್ನು ಎಬ್ಬಿಸಿ ಯಹೂದಿಗಳನ್ನು ತುಂಬಿದರು. ಬಾಡಿಗೆ ಮೂರನೇ ಒಂದು ಭಾಗ ಜಾಸ್ತಿ. ಕತ್ತಲಾದರೆ ಕದ ಹಾಕೋದು, ಬೆಳಗ್ಗೆ ಸಾನ್ ಮಾರ್ಕೊ ಗಂಟೆ ಹೊಡೆದಾಗ ತೆಗೆಯೋದು. ಕಾಲುವೆಯಲ್ಲಿ ದೋಣಿ ಕಾವಲು. ಕಾವಲುಗಾರರು ಕ್ರೈಸ್ತರು, ಅವರ ಸಂಬಳ ಕೊಡಬೇಕಾದವರು ಯಹೂದಿಗಳು. ತಮ್ಮನ್ನು ಕೂಡಿಹಾಕಿದವರಿಗೆ ತಾವೇ ಕೂಲಿ ಕೊಡೋದು! ನಮ್ಮ ಊರುಗಳಲ್ಲಿ ಇದಕ್ಕೆ ಕೂಲಿಯೂ ಬೇಕಾಗಲಿಲ್ಲ, ಬಿಟ್ಟಿಯಲ್ಲೇ ನಡೆಯಿತು. ವೈದ್ಯರಿಗೆ ಮಾತ್ರ ರಾತ್ರಿ ಹೊರಗೆ ಹೋಗಲು ರಿಯಾಯಿತಿ ಇತ್ತು. ದೊಡ್ಡವರ ಮನೆಯಲ್ಲಿ ಜ್ವರ ಬಂದರೆ ಯಹೂದಿ ಕೈ ಮೈಲಿಗೆಯಲ್ಲ.

ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಒಂದು ಕಾಲಕ್ಕೆ ಐದು ಸಾವಿರದಷ್ಟು ಜನ ಅಲ್ಲಿದ್ದರು. ಮನೆಗಳು ಮೇಲಕ್ಕೆ ಬೆಳೆದವು, ಏಳು ಎಂಟು ಮಹಡಿ. ಒಂದೊಂದು ಮಹಡಿಯ ಸೂರು ಎಷ್ಟು ತಗ್ಗು ಅಂದರೆ ಉದ್ದನೆಯವರು ಬಗ್ಗಿಯೇ ನಿಲ್ಲಬೇಕು. ಹೊರಗಿನಿಂದ ಕಿಟಕಿಗಳ ಸಾಲು ಎಣಿಸಿದರೆ ಇದು ಗೊತ್ತಾಗುತ್ತದೆ. ವೆನಿಸ್ಸಿನ ಬೇರೆ ಕಡೆಯ ಮನೆಗಳಲ್ಲಿ ನಾಲ್ಕು ಸಾಲು ಇರುವಷ್ಟು ಎತ್ತರದಲ್ಲಿ ಇಲ್ಲಿ ಇನ್ನೂ ಹೆಚ್ಚು. ಪ್ರಾರ್ಥನಾ ಮಂದಿರಗಳೂ ಮೇಲಿನ ಮಹಡಿಗಳಲ್ಲಿವೆ, ಬೀದಿಯಿಂದ ನೋಡಿದರೆ ಮಂದಿರ ಅಂತ ತಿಳಿಯೋದಿಲ್ಲ. ಜಾಗ ಸ್ವಂತಕ್ಕೆ ಕೊಳ್ಳುವಂತಿಲ್ಲ. ಮಾಡಬಹುದಾದ ಕಸುಬು ಗಿರವಿ, ಹಳೇ ಬಟ್ಟೆ ವ್ಯಾಪಾರ, ವೈದ್ಯ. ತಲೆಗೆ ಹಳದಿ ಟೋಪಿ, ಆಮೇಲೆ ಕೆಂಪು. ಹೀಗೆ 281 ವರ್ಷ. 1797ರ ಜುಲೈನಲ್ಲಿ, ನೆಪೋಲಿಯನ್ನನ ಸೈನ್ಯ ಬಂದ ಮೇಲೆ, ಆ ಕದಗಳನ್ನು ಕಿತ್ತು ಚೌಕದ ನಡುವೆ ಹಾಕಿ ಸುಟ್ಟರು, ಸುತ್ತ ಜನ ಕುಣಿದರು.

ನೋವನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ನಮ್ಮದಲ್ಲ. ಆದರೆ ಓದುವಾಗ ಒಂದು ಮಾತು ಮನಸ್ಸಿಗೆ ಬಾರದೆ ಇರಲಿಲ್ಲ. ಅವರಿಗೆ ಸುಡೋದಕ್ಕೆ ಒಂದು ಕದ ಇತ್ತು. ನಮ್ಮ ಕೇರಿಗೆ ಕದ ಎಲ್ಲಿದೆ? ಕಾವಲುಗಾರ ಯಾರು? ಏನನ್ನು ಕಿತ್ತು ತಂದು ನಡುಬೀದಿಯಲ್ಲಿ ಬೆಂಕಿ ಹಾಕೋದು?

ಕದ ಸುಟ್ಟ ಮೇಲೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ನರು ವೆನಿಸ್ಸಿಗೆ ಬಂದಾಗ ಯಹೂದಿ ಸಮುದಾಯದ ಅಧ್ಯಕ್ಷರಾಗಿದ್ದವರು ಜುಸೆಪ್ಪೆ ಯೋನಾ ಎಂಬ ವೃದ್ಧ ವೈದ್ಯರು. ನಿಮ್ಮವರ ಹೆಸರಿನ ಪಟ್ಟಿ ಕೊಡಿ ಅಂದರು. ಅವರು ಪಟ್ಟಿ ನಾಶಮಾಡಿ, ಸೆಪ್ಟೆಂಬರ್ 17ರಂದು ತಮ್ಮ ಪ್ರಾಣ ತಾವೇ ತೆಗೆದುಕೊಂಡರು. ಆದರೂ ಆ ವರ್ಷದ ಡಿಸೆಂಬರಿನಿಂದ ಮರುವರ್ಷದವರೆಗೆ ಇನ್ನೂರಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಚೌಕದಲ್ಲಿದ್ದ ವೃದ್ಧಾಶ್ರಮದ ಮುದುಕರನ್ನೂ ಬಿಡಲಿಲ್ಲ. ಆ ಚೌಕದ ಗೋಡೆಗೆ ಶಿಲ್ಪಿ ಅರ್ಬಿತ್ ಬ್ಲಾತಾಸ್ ಮಾಡಿದ ಕಂಚಿನ ಫಲಕಗಳಿವೆ. ನಾವು ಅವುಗಳ ಮುಂದೆ ಬಹಳ ಹೊತ್ತು ನಿಂತೆವು. ಅದರ ಬಗ್ಗೆ ಬರೆಯೋದಕ್ಕೆ ಈಗಲೂ ಕೈ ಏಳೋದಿಲ್ಲ.

ಇಷ್ಟೆಲ್ಲ ಓದಿಕೊಂಡ ಮೇಲೆ ನಾವು ಗೊತ್ತು ಮಾಡಿದ್ದು ಮೆಸ್ತ್ರೆಯ ಕೋಣೆ. ಅಗ್ಗ ಅನ್ನೋದು ಒಂದು ಕಾರಣ ಹೌದು, ಸುಳ್ಳು ಯಾಕೆ ಹೇಳೋಣ. ಇನ್ನೊಂದು ಕಾರಣ ಲೆಕ್ಕದ್ದು. 1951ರಲ್ಲಿ ವೆನಿಸ್ಸಿನ ಹಳೇ ಊರಿನಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. 2022ರಲ್ಲಿ ಅದು ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಪ್ರವಾಸಿಗರ ಹಾಸಿಗೆಗಳ ಲೆಕ್ಕ ಅಲ್ಲಿ ಬದುಕುವವರ ಲೆಕ್ಕವನ್ನೇ ದಾಟಿತು. ಕೆಲವರು ಅಂಗಡಿ ಕಿಟಕಿಯಲ್ಲಿ ಈ ಲೆಕ್ಕ ತೋರಿಸುವ ಯಂತ್ರ ಇಟ್ಟಿದ್ದಾರೆ, ಸತ್ತವರ ಲೆಕ್ಕ ಬರೆದಿಟ್ಟ ಹಾಗೆ. 1966ರ ನವೆಂಬರ್ 4ರ ಪ್ರವಾಹದಲ್ಲಿ ನೀರು 194 ಸೆಂಟಿಮೀಟರ್ ಏರಿದಾಗ ನೆಲಮಹಡಿಯ ಬಡವರು ಗಂಟುಮೂಟೆ ಕಟ್ಟಿದರು. ಅವರಲ್ಲಿ ಬಹಳ ಜನ ಮತ್ತೆ ಬರಲಿಲ್ಲ. ಉಳಿದವರನ್ನು ಬಾಡಿಗೆ ಓಡಿಸಿತು. ಸಂಸಾರಕ್ಕೆ ಮನೆ ಕೊಟ್ಟರೆ ತಿಂಗಳಿಗೆ ಬರುವ ಹಣ, ನಮ್ಮಂಥ ಪ್ರವಾಸಿಗೆ ಕೊಟ್ಟರೆ ನಾಲ್ಕೈದು ರಾತ್ರಿಗೇ ಬರುವುದಾದರೆ ಯಾವ ಮಾಲೀಕ ಸಂಸಾರವನ್ನು ಇಟ್ಟುಕೊಳ್ಳುತ್ತಾನೆ? ಘೆಟ್ಟೊದ ಆ ಕೋಣೆಯೂ ಹಾಗೇ ಯಾರದೋ ಮನೆಯಾಗಿದ್ದದ್ದು. ಆ ಹೆಣ್ಣುಮಗಳ ಮಾತಿಗೆ ಇದು ಇನ್ನೊಂದು ಸಾಕ್ಷಿಯಾಯಿತು. ಹಳೇ ಊರಲ್ಲೇ ಮಲಗಬೇಕು ಅನ್ನುವವರು ಹೋಟೆಲಿನಲ್ಲೋ ಹಾಸ್ಟೆಲಿನಲ್ಲೋ ಮಲಗಲಿ, ಸಂಸಾರ ಬಿಡಿಸಿದ ಮನೆ ಬೇಡ.

2024ರ ಏಪ್ರಿಲ್ 25ರಿಂದ ಇನ್ನೊಂದು ಕಟ್ಟಳೆ ಬಂತು. ವಸಂತ, ಬೇಸಿಗೆಯ ಕೆಲವು ದಿನಗಳಲ್ಲಿ, ಹಗಲಿಗೆ ಮಾತ್ರ ಬಂದು ಹೋಗುವವರು ಐದು ಯೂರೋ ಕೊಡಬೇಕು. ಮರುವರ್ಷ, ಕಡೇ ಗಳಿಗೆಯಲ್ಲಿ ಕಟ್ಟುವವರಿಗೆ ಹತ್ತಾಯಿತು. ರಾತ್ರಿ ಉಳಿಯುವವರಿಗೆ ಅದಿಲ್ಲ, ಬೇರೆ ತೆರಿಗೆ ಇದೆ. ಮೆಸ್ತ್ರೆಯೂ ವೆನಿಸ್ ನಗರಸಭೆಗೇ ಸೇರಿದ್ದು, ಹಾಗಾಗಿ ಅಲ್ಲಿ ಮಲಗಿದವರಿಗೂ ವಿನಾಯಿತಿ ಇದೆ. ಹೋಗುವವರಿಗೆ ಉಪಯೋಗವಾದೀತು ಅಂತ ಬರೆದೆವು.

ಮೂರನೆಯ ಕಾರಣ ಅಲ್ಲಿಗೆ ಹೋದ ಮೇಲೆ ಕಣ್ಣಿಗೆ ಬಿದ್ದದ್ದು. ಸ್ಟೇಷನ್ನಿನಿಂದ ಇಳಿದರೆ ಬೀದಿಯಲ್ಲಿ ಬಂಗಾಳಿ ಬೋರ್ಡುಗಳು. ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರು ಸಾವಿರಗಟ್ಟಲೆ ಇದ್ದಾರೆ. ಮಾರ್ಗೇರಾದ ಹಡಗುಕಟ್ಟೆಯಲ್ಲಿ ಪ್ರವಾಸಿಗರ ದೊಡ್ಡ ಹಡಗುಗಳಿಗೆ ಬೆಸುಗೆ ಹಾಕೋರಲ್ಲಿ ಅವರಿದ್ದಾರೆ, ವೆನಿಸ್ಸಿನ ಹೋಟೆಲುಗಳಲ್ಲಿ ತಟ್ಟೆ ತೊಳೆಯೋರಲ್ಲಿ, ಹಾಸಿಗೆ ಹಾಸೋರಲ್ಲಿ ಅವರಿದ್ದಾರೆ. ವೆನಿಸ್ಸಿನ ಹಾಸಿಗೆ ಹಾಸಿ, ಮಲಗೋದಕ್ಕೆ ಮೆಸ್ತ್ರೆಗೆ ಬರುತ್ತಾರೆ. 1397ರ ಕಟ್ಟಳೆ ಬರೆದವನು ಎದ್ದು ಬಂದರೆ, ಬರೀ ಜನ ಬದಲಾಗಿದ್ದಾರೆ, ಏರ್ಪಾಡು ನಮ್ಮದೇ ಅಂತಾನೆ. ಕದ ಇಲ್ಲ, ಗಂಟೆ ಇಲ್ಲ. ಆ ಕೆಲಸವನ್ನು ಬಾಡಿಗೆಯೇ ಮಾಡುತ್ತದೆ. ಘೆಟ್ಟೊ ಎಂಬ ಮಾತಿನ ಅರ್ಥ ನಮಗೆ ತಿಳಿದದ್ದು ಕನ್ನರೇಜೊದ ಸುಂದರವಾದ ಚೌಕಕ್ಕಿಂತ ಹೆಚ್ಚಾಗಿ ಸಂಜೆಯ ಆ ರೈಲಿನಲ್ಲಿ. ಎಲ್ಲರ ಕಣ್ಣಲ್ಲೂ ನಿದ್ದೆ, ಕೈಯಲ್ಲಿ ಬ್ಲೀಚಿನ ವಾಸನೆ.

ಈ ಕಡೆಯ ದಡಕ್ಕೆ ತನ್ನದೇ ಚರಿತ್ರೆಯೂ ಇದೆ, ಅದನ್ನು ಯಾವ ಪ್ರವಾಸಿ ಪುಸ್ತಕವೂ ಹೇಳೋದಿಲ್ಲ. ಮಾರ್ಗೇರಾದ ರಾಸಾಯನಿಕ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗಾಬ್ರಿಯೇಲೆ ಬೊರ್ತೊಲೊಝೊ ಎಂಬ ಕಾರ್ಮಿಕ, ವಿನೈಲ್ ಕ್ಲೋರೈಡ್ ಅನಿಲ ಕುಡಿದು ಕ್ಯಾನ್ಸರಿಗೆ ಬಲಿಯಾದ ತನ್ನ ಜೊತೆಗಾರರ ಹೆಸರುಗಳನ್ನು ಒಂದೊಂದಾಗಿ ಕಲೆಹಾಕಿ 1994ರಲ್ಲಿ ಕೋರ್ಟಿನ ಬಾಗಿಲು ಬಡಿದ. 1995ರಲ್ಲಿ ಸೈಕಲ್ಲಿನಲ್ಲಿ ಹೋಗುವಾಗ ಲಾರಿ ಹೊಡೆದು ಸತ್ತ. ವಿಚಾರಣೆ ಶುರುವಾದದ್ದು 1998ರಲ್ಲಿ. ಹೆಸರು ಉಳಿಸಲು ಪಟ್ಟಿ ಸುಟ್ಟ ವೈದ್ಯ ಆ ದಡದಲ್ಲಿ, ಪಟ್ಟಿ ಬರೆದ ಕಾರ್ಮಿಕ ಈ ದಡದಲ್ಲಿ. ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಇಟಲಿಯ ಪಾಠ ಮಾಡುವಾಗ ಇವರಿಬ್ಬರ ಹೆಸರೂ ಹೇಳಲಿ.

ಕೋಣೆ ಕೊಟ್ಟವನು ಸಿಲ್ಹೆಟ್ ಕಡೆಯವನು. ಪಾಸ್‌ಪೋರ್ಟ್ ನೋಡಿ ಹೆಸರು ಬರೆದುಕೊಂಡ. ಉಳಿದುಕೊಳ್ಳುವವರ ವಿವರ ಪೊಲೀಸರಿಗೆ ಕೊಡಬೇಕು ಅನ್ನೋದು ಅಲ್ಲಿನ ಕಾನೂನು. ಅವನು ಬರೆಯುವಷ್ಟು ಹೊತ್ತೂ ನಮ್ಮ ಎದೆ ಒಂಚೂರು ಬಿಗಿಯಾಗಿತ್ತು. ಹಳೇ ಚಾಳಿ. ಬರೆದು ಮುಗಿಸಿ ಅವನು ಕೇಳಿದ್ದು ಒಂದೇ: ಅನ್ನ ಮಾಡಿಕೊಳ್ತೀರೋ, ಬ್ರೆಡ್ಡು ಸಾಕೋ? ಅಡುಗೆಮನೆ ಬೀಗದ ಕೈ ಕೊಟ್ಟ.

ಹೋಗುವವರಿದ್ದರೆ ಇಷ್ಟು ತಿಳಿದುಕೊಳ್ಳಿ. ಮೆಸ್ತ್ರೆಯಿಂದ ವೆನಿಸ್ಸಿಗೆ ರೈಲು ಹತ್ತು ಹನ್ನೆರಡು ನಿಮಿಷ, ಟಿಕೇಟು ಎರಡು ಯೂರೋಗೂ ಕಡಿಮೆ. ಬೆಳಗಿನ ಮೊದಲ ರೈಲುಗಳಲ್ಲಿ ಕೆಲಸಕ್ಕೆ ಹೋಗುವವರೇ ಇರುತ್ತಾರೆ, ಅವರ ಜೊತೆ ಹೋಗಿ. ಸ್ಟೇಷನ್ನಿನಿಂದ ಘೆಟ್ಟೊಗೆ ನಡೆದರೆ ಹತ್ತು ನಿಮಿಷ, ನೀರಿನ ಬಸ್ಸು ಬೇಡ. ಹೆಣ್ಣುಮಕ್ಕಳು ಸ್ಟೇಷನ್ನಿಗೆ ತೀರ ಅಂಟಿದ ಬೀದಿ ಬಿಟ್ಟು ಸ್ವಲ್ಪ ಒಳಗೆ ಕೋಣೆ ನೋಡಿಕೊಂಡರೆ ರಾತ್ರಿ ಬರೋದು ಸಲೀಸು ಅಂತ ನಮ್ಮ ಗೆಳತಿ ಹೇಳುತ್ತಾಳೆ. ಪಿಯಾವೆ ಬೀದಿಯ ಕಡೆ ಬಾಂಗ್ಲಾ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ಎಲ್ಲ ಸಿಗುತ್ತದೆ. ಒಣಮೀನೂ ಸಿಗುತ್ತದೆ. ನಾವು ಎರಡು ರಾತ್ರಿಯೂ ಒಣಮೀನಿನ ಸಾರು ಮಾಡಿದೆವು, ವಾಸನೆ ಬರ್ತಿದೆ ಅಂತ ಯಾರೂ ಬಾಗಿಲು ಬಡಿಯಲಿಲ್ಲ.